ಡಿನೈ ಪದಕ್ಕೆ ನಾನು ಹೇಳಿದ ಅರ್ಥ

ರತ್ನಳ ಕೆಲಸ ಕಳೆದವಳು ನಾನು. ಅವಳು ಮಾಡದ ತಪ್ಪನ್ನು ಅವಳ ಬಾಯಿಂದಲೇ ಒಪ್ಪಿಸಿದೆ — ಒಪ್ಪಿಕೊಳ್ಳುತ್ತಿದ್ದೇನೆಂದು ಅವಳಿಗೇ ತಿಳಿಯದ ಹಾಗೆ. ಇಷ್ಟು ವರ್ಷ ಇದನ್ನು ಗಂಡನಿಗೂ ಹೇಳಿರಲಿಲ್ಲ.

ಆಗ ನಾನು ಅಂತರಸನಹಳ್ಳಿಯ ಒಂದು ಗಾರ್ಮೆಂಟ್ಸ್‌ನಲ್ಲಿ ಸೂಪರ್‌ವೈಸರ್. ಗುಬ್ಬಿಯಿಂದ ಬಸ್ಸಿನಲ್ಲಿ ಬರುತ್ತಿದ್ದೆ. ರತ್ನ ಕುಣಿಗಲ್ ಕಡೆಯ ಕೊತ್ತಗೆರೆಯ ಸೊಸೆ, ನನ್ನ ಕೈಕೆಳಗಿನ ಟೈಲರ್. ನಾವು ಹೊಲಿಯುತ್ತಿದ್ದದ್ದು ಮಕ್ಕಳ ಅಂಗಿ. ಸೂಜಿ ಮುರಿದರೆ ಚೂರುಗಳೆಲ್ಲ ಸಿಗುವವರೆಗೆ ಹೊಲಿಗೆ ನಿಲ್ಲಿಸಬೇಕೆಂಬುದು ಅಲ್ಲಿನ ಕಟ್ಟುನಿಟ್ಟಿನ ನಿಯಮ. ಒಂದು ಮಧ್ಯಾಹ್ನ ರತ್ನಳ ಸೂಜಿ ಮುರಿಯಿತು, ತುದಿ ಸಿಗಲಿಲ್ಲ. ಓಡಿಬಂದು ನನಗೆ ಹೇಳಿದಳು. ಟಾರ್ಗೆಟ್ ಇನ್ನೂ ಬಾಕಿಯಿತ್ತು. ಹೊಸ ಸೂಜಿ ಕೊಟ್ಟು, ನೀನು ಹೊಲಿ, ಮಿಕ್ಕಿದ್ದು ನಾನು ನೋಡಿಕೊಳ್ಳುತ್ತೇನೆ ಅಂದೆ. ನೋಡಿಕೊಳ್ಳಲಿಲ್ಲ.

ಆ ತುದಿ ಒಂದು ಅಂಗಿಯ ಕಾಲರಿನೊಳಗೇ ಉಳಿದು, ಮಾಲು ಕೊಂಡವರ ಕೈಗೆ ಸಿಕ್ಕಿತು. ವಿಚಾರಣೆಗೆ ಹೊರಗಿನಿಂದ ಬಂದ ಅಧಿಕಾರಿಗೆ ಕನ್ನಡ ಬಾರದು, ರತ್ನಳಿಗೆ ಇಂಗ್ಲಿಷ್ ಬಾರದು. ನಡುವೆ ನಾನು — ಇಬ್ಬರ ಮಾತನ್ನೂ ದಾಟಿಸಬೇಕಾದವಳು. ಒಳಗೆ ಹೋಗುವ ಮುಂಚೆ, "ನಿಮ್ಗೆ ಹೇಳಿದ್ನಲ್ಲ, ಅದ್ನ ನೀವೇ ಹೇಳ್ಬುಡಿ ಅಕ್ಕಾ," ಅಂದಿದ್ದಳು.

ಸೂಜಿ ಮುರಿದದ್ದನ್ನು ರತ್ನ ಮುಚ್ಚಿಟ್ಟಳು — ಇದು ಆರೋಪ. ಅಧಿಕಾರಿ ಅದನ್ನು ಓದಿ ಕೇಳಿದರು: "ಡು ಯು ಡಿನೈ ಇಟ್?"

ರತ್ನ ನನ್ನ ಕಡೆ ತಿರುಗಿದಳು. "ಡಿನೈ ಅಂದ್ರೇನಕ್ಕಾ?"

ಅಲ್ಲಗಳೆಯುವುದು. ನನಗೆ ಚೆನ್ನಾಗಿಯೇ ಗೊತ್ತಿತ್ತು. ಆದರೂ —

"ಮುಚ್ಚಿಟ್ಟೆಯಾ ಅಂತ ಕೇಳ್ತಾವ್ರೆ ಕಣೇ. ನೋ ಅನ್ನು."

ಅವಳು ತಲೆಯೆತ್ತಿ, "ನೋ ಸಾರ್," ಅಂದಳು. ಅಧಿಕಾರಿ ಅನುಮಾನಪಟ್ಟು ಇನ್ನೊಮ್ಮೆ ಕೇಳಿದರು. ಅವಳು ಮೊದಲಿಗಿಂತ ಗಟ್ಟಿಯಾಗಿ ಅದನ್ನೇ ಹೇಳಿದಳು. ಅಲ್ಲಗಳೆಯುವುದಿಲ್ಲ — ಅಂದರೆ ಒಪ್ಪಿದಳು. ಮಾರನೆಯ ದಿನ ಗೇಟಿನಲ್ಲೇ ಅವಳನ್ನು ತಡೆದರು. ನಿಜ ಹೇಳಿದರೂ ಇವರು ನಂಬಲಿಲ್ಲವೆಂದು ಅತ್ತಳು. ನೀವಾದರೂ ಜೊತೆಗೆ ನಿಂತಿರಲ್ಲ ಅಕ್ಕಾ ಎಂದು ನನ್ನ ಕೈ ಹಿಡಿದುಕೊಂಡಳು. ಬಿಡಿಸಿಕೊಳ್ಳಲೂ ಆಗಲಿಲ್ಲ ನನಗೆ.

ಮೊನ್ನೆ ಮಗಳು ಓದುತ್ತಾ ಕೂತವಳು ಅದೇ ಪದದ ಅರ್ಥ ಕೇಳಿದಳು. ನೀನೇ ನೋಡಿಕೋ ಅಂದೆ. ಅವಳು ಡಿಕ್ಷನರಿ ತೆರೆದು ಓದಿದಳು — ಅಲ್ಲಗಳೆಯುವುದು, ನಿರಾಕರಿಸುವುದು. ಒಬ್ಬರಿಗೆ ಸಲ್ಲಬೇಕಾದ್ದನ್ನು ಸಲ್ಲದಂತೆ ಮಾಡುವುದು.

ಮರುದಿನವೇ ಕೊತ್ತಗೆರೆಗೆ ಹೋದೆ. ರತ್ನ ಮನೆಯಲ್ಲೇ ರವಿಕೆ ಹೊಲಿಯುತ್ತಿದ್ದಳು. ನಿಂತುಕೊಂಡೇ ಎಲ್ಲವನ್ನೂ ಹೇಳಿದೆ. ಮಷಿನ್ ನಿಂತಿತು. ಬೈಯುತ್ತಾಳೆ ಅಂದುಕೊಂಡೆ, ಬೈದಿದ್ದರೆ —

"ಸೂಜಿ ಮುರೀತು ಅಂತ ನಿಮ್ಗೆ ಹೇಳಿದ್ದೆ ತಾನೆ?"

"ನೀನು ಹೇಳಿದ್ದೆ."

"ನಂಗೇ ಅನುಮಾನ ಬಂದ್ಬುಟ್ಟಿತ್ತು. ಹೇಳೇ ಇರ್ಲಿಲ್ವೇನೋ ಅಂತ."

ಕೆಲಸ ಕಿತ್ತುಕೊಂಡೆ ಎಂದಷ್ಟೇ ತಿಳಿದಿದ್ದೆ. ಅವಳ ನೆನಪಿನ ಮೇಲೆ ಅವಳಿಗಿದ್ದ ನಂಬಿಕೆಯನ್ನೂ ಕಿತ್ತುಕೊಂಡಿದ್ದೆ.

ಕೂರಿ ಅನ್ನಲಿಲ್ಲ ಅವಳು. ಅತ್ತೆ ಇಂದಿಗೂ ಅವಳನ್ನು ಸುಳ್ಳುಬುರುಕಿ ಅನ್ನುತ್ತಾರಂತೆ. ತಮ್ಮ ಮಗಳ ಮನೆಗೆಂದು ಹುತ್ರಿದುರ್ಗಕ್ಕೆ ಹೋದವರು ಭಾನುವಾರ ಬರುತ್ತಾರಂತೆ.

"ಅವ್ರ ಮುಂದೆ ಹೇಳಿ," ಅಂದಳು. ಬೇರೇನೂ ಕೇಳಲಿಲ್ಲ.

ನಾಳೆ ಭಾನುವಾರ. ಹೇಳಬೇಕಾದ ಮಾತನ್ನು ಬೆಳಗಿನಿಂದ ಮನಸ್ಸಿನಲ್ಲೇ ಕಟ್ಟುತ್ತಿದ್ದೇನೆ. ಪ್ರತಿ ಸಲವೂ ಅದು 'ನನಗೂ ಆಗ ಕಷ್ಟ' ಎಂದೇ ಶುರುವಾಗುತ್ತದೆ. ಹಾಗೆ ಶುರುಮಾಡಬಾರದು.