ಸುಟ್ಟ ಟ್ಯಾಂಕಿನ ಪಕ್ಕ ಮಲಗಿದ್ದವನು

ಕಳೆದ ವಾರ ನಮ್ಮ ಮಹಡಿಯ ಗ್ರಿಲ್‌ಗೆ ಬಣ್ಣ ಹೊಡೆಯಲು ಬಂದವನು ಥಿನ್ನರ್ ಡಬ್ಬಿಯ ಮುಚ್ಚಳ ತೆಗೆದ. ವಾಸನೆ ಮೂಗಿಗೆ ಬಡಿದದ್ದೇ ತಡ, ಮೇಲಿನ ಮನೆಯ ಅಕ್ಕೋರು ನೆನಪಾದರು. ಮುಂಬೈಯ ಮುಲುಂಡಿನ ಈ ಬಿಲ್ಡಿಂಗಿನಲ್ಲಿ ಆ ವಾಸನೆ ವರ್ಷಗಟ್ಟಲೆ ಅವರ ಬಾಗಿಲ ಸಂದಿಯಿಂದ ಹೊರಟು ಮೆಟ್ಟಿಲಿಳಿದು ಬರುತ್ತಿತ್ತು...

ಅಕ್ಕೋರು ವಿಜಯಪುರದ ಕಡೆಯವರು. ಆಸ್ಪತ್ರೆಯ ಸುಟ್ಟಗಾಯದ ವಾರ್ಡಿನಲ್ಲಿ ನರ್ಸ್ ಆಗಿ ಆಯುಷ್ಯ ಕಳೆದವರು. ಮದುವೆಯಾಗಿರಲಿಲ್ಲ. ನಿವೃತ್ತಿಯ ದಿನ ವಾರ್ಡಿನ ಡಾಕ್ಟರೊಬ್ಬರು, ಕೈ ಸುಮ್ಮನಿರಬಾರದು ಎಂದು ನಗುತ್ತಾ ಒಂದು ಡಬ್ಬಿ ಕೊಟ್ಟರಂತೆ. ಅದರಲ್ಲಿ ಎರಡನೇ ಮಹಾಯುದ್ಧದ ಜರ್ಮನ್ ಟ್ಯಾಂಕೊಂದರ ಪ್ಲಾಸ್ಟಿಕ್ ಬಿಡಿಭಾಗಗಳಿದ್ದವು. ಅಂಟಿಸಿ ಮುಗಿಸಿದರೆ ಅಂಗೈ ಮೇಲೆ ಕೂರುವಷ್ಟೇ ದೊಡ್ಡದು. ಅಲ್ಲಿಂದ ಶುರುವಾದದ್ದು ನಿಲ್ಲಲಿಲ್ಲ. ಟೈಗರ್, ಪ್ಯಾಂಥರ್, ಹೆಸರು ಬಾರದ ಎಷ್ಟೋ ಗಾಡಿಗಳು ಅವರ ಗಾಜಿನ ಕಪಾಟು ತುಂಬಿದವು. ನೇಲ್ ಕಟರ್‌ನಿಂದ ಬಿಡಿಭಾಗ ಬಿಡಿಸಿ, ಚಿಮಟದಲ್ಲಿ ಹಿಡಿದು, ಉಸಿರು ಬಿಗಿಹಿಡಿದು ಅಂಟಿಸುತ್ತಿದ್ದರು. ತುಕ್ಕಿಗೆ ಇಟ್ಟಿಗೆಪುಡಿ, ಮಸಿಗೆ ತವಾದ ತಳ.

ಏಕೆಂದರೆ ಅವರ ಟ್ಯಾಂಕುಗಳಲ್ಲಿ ಒಂದೂ ಹೊಸದಾಗಿರಲಿಲ್ಲ. ಎಲ್ಲವೂ ಸುಟ್ಟವು, ಕೆಸರಿನಲ್ಲಿ ಹೂತವು, ಚಕ್ರದ ಪಟ್ಟಿ ಕಳಚಿಬಿದ್ದವು. ಯಾಕೆ ಹೀಗೆ ಎಂದು ಒಮ್ಮೆ ಕೇಳಿದ್ದೆ.

“ಡಬ್ಬಿ ಮ್ಯಾಲಿನ ಚಿತ್ರದಾಗ ಹೊಂಟಿದ್ದನ್ನ ತೋರಸ್ತಾರ, ತಂಗಿ. ಎಲ್ಲಿಗೆ ಹೋಗಿ ಮುಟ್ಟಿತು, ಅದನ್ನ ಯಾರೂ ತೋರ್ಸೂದಿಲ್ಲ” ಎಂದಿದ್ದರು.

ಒಂದು ವರ್ಷ ಸೊಸೈಟಿಯ ವಾರ್ಷಿಕೋತ್ಸವಕ್ಕೆ ಕೆಳಗಿನ ಹಾಲ್‌ನಲ್ಲಿ ನಿವಾಸಿಗಳ ಕೈಕೆಲಸದ ಪ್ರದರ್ಶನ ಇಟ್ಟೆವು. ನಾನಾಗ ಕಮಿಟಿಯಲ್ಲಿದ್ದೆ. ಅಕ್ಕೋರು ಒಂದೇ ಒಂದು ತಂದಿಟ್ಟರು: ಕಪ್ಪಾದ ಪ್ಯಾಂಥರ್, ತೆರೆದ ಮುಚ್ಚಳ, ಪಕ್ಕದ ಹಿಮದ ಮೇಲೆ ಕಿರುಬೆರಳ ಒಂದು ಗೆಣ್ಣಿನಷ್ಟು ಉದ್ದದ ಮನುಷ್ಯ. ಮುಖವೂ ಮುಚ್ಚುವಂತೆ ಕಂಬಳಿ ಹೊದಿಸಿದ್ದರು.

ಸೊಸೈಟಿಯ ಸೆಕ್ರೆಟರಿ ಬಗ್ಗಿ ನೋಡಿದ. ಜರ್ಮನರ ಇಂಜಿನಿಯರಿಂಗ್ ಎಂದರೆ ಅವನಿಗೆ ಪ್ರಾಣ. “ಕ್ಯಾ ಮಶೀನ್ ಹೈ!” ಎಂದು ಹೊಗಳಿದ. ಆಮೇಲೆ ಮುಖ ಸಿಂಡರಿಸಿ, ಶುಭದಿನ ಹೆಣ ಯಾಕೆ, ಅದನ್ನು ತೆಗೆಯಿರಿ, ಟ್ಯಾಂಕಿಗೆ ಡಬ್ಬಿಯಲ್ಲಿ ಬಂದಿರುವ ಸೈನ್ಯದ ಗುರುತು ಅಂಟಿಸಿ, ಮೊದಲ ಬಹುಮಾನ ನಿಮ್ಮದೇ ಎಂದ.

ಅಕ್ಕೋರು ಅವನನ್ನಲ್ಲ, ನನ್ನನ್ನು ನೋಡಿ ಹೇಳಿದರು: “ಟ್ಯಾಂಕ್ ಬೇಕಂತ ಇವ್ಗ. ಅದರಾಗ ಸುಟ್ಟಾಂವ ಬ್ಯಾಡಂತ.”

ಅವರು ಊಟಕ್ಕೆ ಮೇಲೆ ಹೋದಾಗ ಸೆಕ್ರೆಟರಿ ನನಗೆ ಸನ್ನೆ ಮಾಡಿದ. ಜಗಳ ಬೇಡವೆಂದುಕೊಂಡೆ, ಒಂದು ಸಂಜೆಯ ಮಟ್ಟಿಗೆ ತಾನೇ ಎಂದುಕೊಂಡೆ. ಉಗುರು ತಾಗಿಸಿದ್ದಷ್ಟೇ, ಆ ಮನುಷ್ಯ ಕಿತ್ತು ಬಂದ. ಪರ್ಸಿನೊಳಗೆ ಹಾಕಿಕೊಂಡೆ. ಹಿಮದ ಮೇಲೆ ಅಂಟಿನ ಕಲೆ ಮಾತ್ರ ಉಳಿಯಿತು.

ಅಕ್ಕೋರು ಬಂದು ನೋಡಿದರು. ಕೂಗಾಡಲಿಲ್ಲ. ರಟ್ಟಿನ ತುಂಡೊಂದರ ಮೇಲೆ ಮರಾಠಿಯಲ್ಲೂ ಕನ್ನಡದಲ್ಲೂ ಬರೆದು ಟ್ಯಾಂಕಿನ ಮುಂದೆ ನಿಲ್ಲಿಸಿದರು: “ಇಲ್ಲಿ ಒಬ್ಬ ಸತ್ತುಬಿದ್ದಿದ್ದ. ಕಮಿಟಿಯವರು ಎತ್ತಿ ಒಗೆದಿದ್ದಾರೆ.” ಪಕ್ಕಕ್ಕೊಂದು ಕುರ್ಚಿ ಎಳೆದುಕೊಂಡು ಕೂತರು.

ಸಂಜೆ ಇಡೀ ಹಾಲ್ ಆ ಮೇಜಿನ ಸುತ್ತಲೇ ನೆರೆಯಿತು. ಯಾರು ಸತ್ತದ್ದು, ಹೇಗೆ ಸತ್ತದ್ದು ಎಂದು ಎಲ್ಲರೂ ಕೇಳುವವರೇ. ಬೆಂಕಿ ಹತ್ತಿದ ಟ್ಯಾಂಕಿನಿಂದ ಹೊರಬರಲು ಎಷ್ಟು ಹೊತ್ತು ಸಿಗುತ್ತದೆ, ಕೈ ಮೊದಲು ಸುಡುತ್ತದೆಯೋ ಮುಖವೋ, ವಾರ್ಡಿನ ವಿಷಯ ಹೇಳುವ ಹಾಗೆಯೇ ಅಕ್ಕೋರು ತಣ್ಣಗೆ ಹೇಳುತ್ತಿದ್ದರು. ಅಕ್ಕಪಕ್ಕದ ಕಸೂತಿ, ಪೇಂಟಿಂಗ್ ಕೇಳುವವರಿಲ್ಲ. ಸೆಕ್ರೆಟರಿ ಕೆಂಪಾಗಿ ಬಂದು, ಬೋರ್ಡು ತೆಗೆಯಿರಿ, ಇಲ್ಲದಿದ್ದರೆ ನಾನೇ ಮೇಜು ಖಾಲಿ ಮಾಡಿಸುತ್ತೇನೆ ಎಂದ.

“ಮೊದಲ ನನ್ನ ಎತ್ರಿ. ಆಮ್ಯಾಲೆ ಮೇಜು” ಎಂದರು ಅಕ್ಕೋರು ಕನ್ನಡದಲ್ಲೇ. ಅರ್ಥವಾಗಲಿ ಬಿಡಲಿ, ಅವನು ಒಂದು ಹೆಜ್ಜೆ ಹಿಂದೆ ಸರಿದ.

ನನಗೆ ತಡೆಯಲಾಗಲಿಲ್ಲ. ಎಲ್ಲರೆದುರೇ ಪರ್ಸ್ ತೆರೆದು, ಚಿಲ್ಲರೆಯ ನಡುವೆ ತಡಕಾಡಿ ಆ ಪುಟ್ಟ ಮನುಷ್ಯನನ್ನು ಹುಡುಕಿ ತೆಗೆದೆ. “ತೆಗೆದದ್ದು ನಾನೇ, ಅಕ್ಕೋರೆ. ತಪ್ಪಾಯ್ತು” ಎಂದೆ. ಸೆಕ್ರೆಟರಿ ನನ್ನತ್ತ ನೋಡಿದ ನೋಟ ಇನ್ನೂ ಮರೆತಿಲ್ಲ. ಮುಂದಿನ ವರ್ಷ ನನ್ನನ್ನು ಯಾರೂ ಕಮಿಟಿಗೆ ಕರೆಯಲಿಲ್ಲ.

ಅಕ್ಕೋರು ಕ್ಷಮಿಸಿದೆ ಅನ್ನಲಿಲ್ಲ. ಸೀರೆಯ ಸೆರಗಿನಿಂದ ಆ ಮನುಷ್ಯನ ಧೂಳು ಒರೆಸಿ, ಕೈಚೀಲದಿಂದ ಅಂಟು ತೆಗೆದು ಹಚ್ಚಿ, ಚಿಮಟವನ್ನು ನನ್ನ ಕೈಗೆ ಕೊಟ್ಟರು. “ಹಿಡಿ. ಅಂಟೂತನಕ ಬಿಡಬ್ಯಾಡ.” ಜನರೆಲ್ಲ ನೋಡುತ್ತಿರುವಾಗ, ಹಿಡಿದುಕೊಂಡೇ ನಿಂತಿದ್ದೆ...

ಅಕ್ಕೋರು ಹೋಗಿ ಈಗ ನಾಲ್ಕು ಮಳೆಗಾಲ ಕಳೆದವು. ಕೊನೆಯ ಎರಡು ವರ್ಷ ಕಣ್ಣು ಮಂಜಾಗಿ ಬಣ್ಣ ಹಚ್ಚುವುದನ್ನು ಬಿಟ್ಟಿದ್ದರು. ಆದರೂ ಮುಟ್ಟಿ ನೋಡಿಯೇ ಬಿಡಿಭಾಗ ಅಂಟಿಸುತ್ತಿದ್ದರು. ಒಂದು ಮಧ್ಯಾಹ್ನ ಮಲಗಿದವರು ಏಳಲಿಲ್ಲ. ಫ್ಲ್ಯಾಟು ಅವರ ತಮ್ಮನ ಮಗನಿಗೆ ಬಂತು, ಅವನು ಮಾರಿದ. ಮನೆ ಖಾಲಿ ಮಾಡುವಾಗ ನಾನು ಊರಿನಲ್ಲಿರಲಿಲ್ಲ. ಕಪಾಟು ಸಮೇತ ಯಾರೋ ಟ್ಯಾಂಕು ಕೂಡಿಡುವ ಹುಚ್ಚಿನವರು ಒಯ್ದರೆಂದು ಆಮೇಲೆ ತಿಳಿಯಿತು.

ಥಿನ್ನರ್ ವಾಸನೆ ಬಂದ ಆ ದಿನವೇ ಆ ತಮ್ಮನ ಮಗನಿಗೆ ಫೋನ್ ಮಾಡಿ ಟ್ಯಾಂಕುಗಳು ಏನಾದವೆಂದು ಕೇಳಿದೆ. ಬಹಳ ಖುಷಿಯಿಂದ ಒಂದು ಫೋಟೊ ಕಳಿಸಿದ. ಕೊಂಡವರು ಎಲ್ಲವನ್ನೂ ತೊಳೆದು ಹೊಸದಾಗಿ ಬಣ್ಣ ಹೊಡೆಸಿದ್ದರು. ಸಾಲಾಗಿ ನಿಂತು ಹೊಳೆಯುತ್ತಿದ್ದವು. ಗುರುತುಗಳೂ ಇದ್ದವು. ಹಿಮವಿರಲಿಲ್ಲ. ಕಂಬಳಿ ಹೊದ್ದು ಮಲಗಿದ್ದವನೂ ಇರಲಿಲ್ಲ.

“ದೇಖೋ ಆಂಟಿ, ಕಿತನಾ ಮಸ್ತ್ ಲಗ್ತಾ ಹೈ!” ಎಂದ.

ಅಕ್ಕೋರು ಇದ್ದಿದ್ದರೆ ಅಂದುಕೊಂಡೆ. ಮೇಲೆ ಓಡಿ ಹೋಗಿ ಹೇಳೋಣವೆಂದರೆ ಆ ಬಾಗಿಲ ಮೇಲೆ ಈಗ ಬೇರೆಯವರ ಹೆಸರು. ಫೋನ್ ಇಡಲಿಲ್ಲ.

“ಮಸ್ತ್ ಇಲ್ಲಪ್ಪ” ಎಂದೆ. “ಅದರ ಪಕ್ಕ ಒಬ್ಬ ಸತ್ತುಬಿದ್ದಿದ್ದ.”

ಮುಂಬೈಯಲ್ಲೇ ಬೆಳೆದ ಹುಡುಗನಿಗೆ ಕನ್ನಡ ಅಷ್ಟಾಗಿ ಬಾರದು. “ಕ್ಯಾ?” ಎಂದ.

ಹಿಂದಿಯಲ್ಲಿ, ಮೊದಲಿನಿಂದ ಹೇಳಲು ಶುರು ಮಾಡಿದೆ.