ಮೊದಲ ಕಮಾನಿನ ಕೆಳಗೆ
ಹಳ್ಳಿಯ ಹೆಂಗಸರಿಗೆ ಸುಡದ ಮಣ್ಣಿಟ್ಟಿಗೆಯಲ್ಲಿ ಮನೆ ಕಟ್ಟಲು ಕಲಿಸುವ ಮೇಸ್ತ್ರಿಯಕ್ಕನಿಗೆ ಹಿಡಿ ಮಣ್ಣು ಕೊಟ್ಟರೆ ಸಾಕು, ಹಿಸುಕಿ ನೋಡಿ ಅದರ ಜಾತಕವನ್ನೇ ಹೇಳಿಬಿಡುತ್ತಾಳೆ. ಗೋಡೆ ಕೂದಲೆಳೆಯಷ್ಟು ವಾಲಿದರೂ, "ಯಾರೇ ಅದು ತೂಕಡಿಸ್ತಾ ಕಟ್ಟಿದ್ದು? ಕೆಡವು!" ಎಂದು ಗದರುತ್ತಾಳೆ. ಎಂಜಿನಿಯರೇ ಬಂದರೂ ಅವರ ಕೈ ಕೆಸರಾದ ಮೇಲೆಯೇ ಮಾತು. ಹೊಸ ಶಿಷ್ಯೆಗೆ ಅವಳೆಂದರೆ ಭಯ, ಭಕ್ತಿ ಎರಡೂ. ಆ ಹುಡುಗಿ ಕಟ್ಟಿದ ಮೊದಲ ಕಮಾನಿನ ಆಧಾರದ ಹಲಗೆ ಬಿಚ್ಚುವ ದಿನ ಎಲ್ಲರೂ ಹತ್ತು ಮಾರು ದೂರ ಸರಿದರು. ಮೇಸ್ತ್ರಿಯಕ್ಕ ಮಾತ್ರ ಹಲಗೆ ಕಳಚಿ, ಕಮಾನಿನಡಿಯಲ್ಲೇ ಕಾಲು ಚಾಚಿ ಕೂತು ಬುತ್ತಿ ಬಿಚ್ಚಿದಳು. ಶಿಷ್ಯೆ ದೂರದಿಂದಲೇ ಕೂಗಿದಳು, "ಅಕ್ಕಾ, ಬಿದ್ದುಗಿದ್ದು ಹೋದ್ರೆ?" "ನೀನೇ ಕಟ್ಟಿದ್ದಲ್ವೇನೇ? ಬಾ, ಊಟ ಮಾಡು." ಹುಡುಗಿ ಪಕ್ಕದಲ್ಲಿ ಕೂತು ತಲೆಯೆತ್ತಿದಳು. ತಾನಿಟ್ಟ ಒಂದೊಂದು ಇಟ್ಟಿಗೆಯೂ ಕದಲದೆ ನಿಂತಿದ್ದನ್ನು ನೋಡುತ್ತ, ತುತ್ತು ಬಾಯಿಗಿಡುವುದನ್ನೇ ಮರೆತಳು.