ಆಫ್ ಆಗಿದ್ದ ಪ್ಲೇಯರ್ ಕೈಕೊಟ್ಟ ಸಂಜೆ

ಫೇಸ್‌ಬುಕ್ಕೆಂಬ ಈ ಸಭೆಯಲ್ಲಿ ನೆರೆದ ಮಹಾಜನಗಳೇ, ಕೇಳಿ. ಇಂದು ಸಂಜೆ ಭದ್ರಾವತಿಯ ಜನ್ನಾಪುರದಲ್ಲಿ ನಮ್ಮ ನಾಟಕ. ಗದೆ ಹಿಡಿದ ರಾಕ್ಷಸನಾಗಿ ನಾನು ಪರದೆಯ ಹಿಂದೆ ನಿಂತಿದ್ದೇನೆ. ನನ್ನ ಪ್ರವೇಶದ ಸಂಗೀತವಿರುವ ಪುಟ್ಟ ಮ್ಯೂಸಿಕ್ ಪ್ಲೇಯರ್ ಆನ್ ಆಗುತ್ತಿಲ್ಲ. ಹೊರಗೆ ಸಿಳ್ಳೆ ಶುರುವಾಗಿದೆ.

"ಹೋದ ವಾರ ಫುಲ್ ಚಾರ್ಜ್ ಮಾಡಿ ಆಫ್ ಮಾಡಿಟ್ಟಿದ್ದೆ. ಯಾರೋ ಹಾಡು ಕೇಳಿದ್ದು?" ಎಂದು ಸೌಂಡ್ ನೋಡಿಕೊಳ್ಳುವ ಇಸ್ಮಾಯಿಲ್ ಮೇಲೆ ಗದೆ ಎತ್ತಿದೆ.

"ಯಾರೂ ಮುಟ್ಟಿಲ್ಲ ಮಾರಾಯ. ಆಫ್ ಮಾಡಿದ್ರೂ ಅದು ಒಳಗೊಳಗೇ ಬ್ಯಾಟರಿ ತಿಂತಿರುತ್ತೆ. ಗದೆ ಇಳಿಸು, ಥರ್ಮಾಕೋಲ್ ಮುರಿಯುತ್ತೆ."

ಅಷ್ಟರಲ್ಲಿ ಪರದೆ ಎದ್ದೇಬಿಟ್ಟಿತು. ರಣಭೇರಿಯನ್ನು ಬಾಯಲ್ಲೇ ಬಾರಿಸಿಕೊಂಡು ರಂಗಕ್ಕೆ ನುಗ್ಗಿದೆ. ಹೆದರಬೇಕಾದ ಜನ ಹೊಟ್ಟೆ ಹಿಡಿದುಕೊಂಡು ನಕ್ಕರು.

ಪ್ಲೇಯರ್ ಬಂತೆಂದು ನಾವು ಕೆಲಸ ಬಿಡಿಸಿದ ಹಾರ್ಮೋನಿಯಂ ಮೇಷ್ಟ್ರು ಶಿವಮೊಗ್ಗದಲ್ಲಿದ್ದಾರೆ. ನಾಳೆ ಬೆಳಿಗ್ಗೆ ಮೊದಲ ಬಸ್ಸಿಗೇ ಹೋಗಿ ಅವರ ಕಾಲು ಹಿಡಿಯುತ್ತೇನೆ. ಅವರೂ ಚೆನ್ನಾಗಿಯೇ ತಿನ್ನುತ್ತಾರೆ, ಆದರೆ ಎಚ್ಚರವಿದ್ದಾಗ ಮಾತ್ರ.